ಅಜ್ಜನ ಮನೆ ತೊಲೆಯಲ್ಲಿ ಮರಿಮಗಳಿಗೊಂದು ಕುದುರೆ

ಪ್ರಶ್ನೆ: ತೀರ್ಥಹಳ್ಳಿ ಹತ್ರ ಇದ್ದ ನಮ್ಮ ಅಜ್ಜನ ಹಳೇ ಮನೆ ಈ ಬೇಸಿಗೇಲಿ ಬಿಚ್ಚಿದ್ವಿ. ಅಡುಗೆಮನೆ ಮೇಲಿದ್ದ ಒಂದು ಹಲಸಿನ ತೊಲೆ, ಒಂದು ಸಾಗುವಾನಿ ಬಾಗಿಲ ಚೌಕಟ್ಟು ಮಾರದೆ ಇಟ್ಕೊಂಡಿದೀನಿ. ಅಜ್ಜ ಈಗಿಲ್ಲ. ಅವರ ನೆನಪಿಗೆ ಆ ಮರದಲ್ಲೇ ತಂಗಿ ಮಗಳ ಮೊದಲನೇ ಹುಟ್ಟುಹಬ್ಬಕ್ಕೆ ಒಂದು ರಾಕಿಂಗ್ ಹಾರ್ಸ್ ಮಾಡಿಸ್ಬೇಕು ಅಂತ ಆಸೆ. ತಂಗಿ ಇರೋದು ಬೆಂಗಳೂರಲ್ಲಿ, ಅಪಾರ್ಟ್‌ಮೆಂಟು. ಊರಿನ ಆಚಾರ್ರು ಮಾಡ್ಕೊಡ್ತೀನಿ ಅಂದಿದಾರೆ, ಆದ್ರೆ ಅವರು ಬಾಗಿಲು ಕಿಟಕಿ ಮಾಡೋರು, ಕುದುರೆ ಇದೇ ಮೊದಲು. ಹಲಸು ಆಗತ್ತಾ, ಸಾಗುವಾನಿನೇ ಬೇಕಾ? ಚನ್ನಪಟ್ಟಣದ ಅರಗಿನ ಬಣ್ಣ ಹಾಕಿಸ್ಬೋದಾ? ಹಿತ್ತಾಳೆ ಪ್ಲೇಟಲ್ಲಿ ಅಜ್ಜನ ಹೆಸರು ಕೆತ್ತಿಸಿ ಕುದುರೆ ಎದೆ ಮೇಲೆ ಹೊಡೆಸೋಣ ಅಂತಿದೀವಿ. ಮಗು ಕೂತ್ರೆ ಹಾಳಾಗತ್ತೆ, ಶೋಕೇಸಲ್ಲಿ ಇಡಿ ಅಂತ ಅಮ್ಮ ಹೇಳ್ತಾರೆ. ಏನ್ ಮಾಡೋದು?

ಉತ್ತರ: ಮೊದಲು ನಿಮ್ಮ ಅಮ್ಮನ ಮಾತೇ ತಗೊಳ್ತೀನಿ, ಯಾಕಂದ್ರೆ ಅದು ತೀರ್ಮಾನ ಆಗದೆ ಆಚಾರ್ರು ಒಂದು ಗೆರೆನೂ ಹಾಕೋಕ್ಕಾಗಲ್ಲ. ಶೋಕೇಸ್ ಕುದುರೆ ಬೇರೆ, ಕೂರೋ ಕುದುರೆ ಬೇರೆ. ನೋಡೋಕ್ಕೆ ಮಾತ್ರ ಅಂದ್ರೆ ಕಾಲು ಸಣ್ಣಗೆ, ಕಿವಿ ಚೂಪಾಗಿ, ಕಣ್ಣಿಗೆ ಗಾಜು, ಎದೆ ಮೇಲೆ ಹಿತ್ತಾಳೆ, ಏನು ಬೇಕಾದ್ರೂ ಮಾಡ್ಬೋದು. ಮಗು ಕೂರತ್ತೆ ಅಂದ ತಕ್ಷಣ ಕಾಲಿನ ದಪ್ಪ, ನಾರಿನ ದಿಕ್ಕು, ಕೆಳಗಿನ ಬಿಲ್ಲಿನ (ಕುದುರೆ ತೂಗೋ ಬಾಗಿದ ಪಟ್ಟಿ) ಬಳುಕು, ಪಾಲಿಶ್ ಎಲ್ಲದರ ಲೆಕ್ಕನೂ ಬದಲಾಗತ್ತೆ. ಎರಡಕ್ಕೂ ಆಗ್ಲಿ ಅಂತ ಮಾಡಿಸಿದ್ದು ಸಾಮಾನ್ಯವಾಗಿ ಎರಡಕ್ಕೂ ಆಗಲ್ಲ. ನನ್ನನ್ನ ಕೇಳಿದ್ರೆ ಕೂರೋ ಕುದುರೆನೇ ಮಾಡಿಸಿ. ಅಜ್ಜನ ಹೆಸರಲ್ಲಿ ಮಾಡಿಸಿದ್ದನ್ನ ಮಗು ಮುಟ್ಟಿದಾಗೆಲ್ಲ ಮನೆಯವರು "ಏಯ್ ಬಿಡೇ" ಅಂತಿದ್ರೆ ಆ ಮಗುಗೆ ನೆನಪಲ್ಲಿ ಉಳಿಯೋದು ಬೈಗುಳ. ಹಾಳಾಗತ್ತೆ ಅನ್ನೋ ಹೆದರಿಕೆಗೆ ಪರಿಹಾರ ಅಂದ್ರೆ ರಿಪೇರಿ ಮಾಡೋಕ್ಕಾಗೋ ಥರ ಮಾಡಿಸೋದು, ಕೆಳಗೆ ಬರೀತಿರೋದೆಲ್ಲ ಹೆಚ್ಚುಕಮ್ಮಿ ಅದರ ಬಗ್ಗೆನೇ. ಅಮ್ಮಂಗೆ ಇದೊಂದು ಹೇಳಿ ನೋಡಿ: ಇಂಗ್ಲೆಂಡಲ್ಲಿ ನೂರು ವರ್ಷ ಹಳೇ ಮರದ ಕುದುರೆ ಕೊಂಡು ಇಟ್ಕೊಳ್ಳೋರು ಮೊದಲು ನೋಡೋದು ಮೂಲ ಬಣ್ಣ ಉಳಿದಿದೆಯಾ ಅಂತ, ಜೀನು ಸವೆದು ಮೂತಿ ಬಣ್ಣ ಕಿತ್ತಿದ್ರೂ ಪರವಾಗಿಲ್ಲ, ಯಾರೋ ಚೆನ್ನಾಗ್ ಕಾಣ್ಲಿ ಅಂತ ಹೊಸಾ ಪೇಂಟ್ ಬಳಿದಿದ್ರೆನೇ ಬೆಲೆ ಇಳಿಯೋದು.

ಇನ್ನು ಮರ. ಹಲಸು ಧಾರಾಳವಾಗಿ ಆಗತ್ತೆ. ನಮ್ಮಲ್ಲಿ ಸಾಗುವಾನಿ ಅಂದ್ರೆ ಮೇಲು, ಮಿಕ್ಕಿದ್ದೆಲ್ಲ ಅಗ್ಗ ಅನ್ನೋ ಒಂದು ಲೆಕ್ಕ ತಲೇಲಿ ಕೂತುಬಿಟ್ಟಿದೆ, ವೀಣೆ ಮಾಡೋರು ಹಲಸನ್ನೇ ಹುಡುಕಿಕೊಂಡು ಹೋಗೋದು ಯಾಕೆ ಅಂತ ಯಾರೂ ಯೋಚನೆ ಮಾಡಲ್ಲ. ಹಲಸಿನ ಚೇಗು, ಅಂದ್ರೆ ಒಳಗಿನ ಬಲಿತ ಭಾಗ, ಗಟ್ಟಿ, ಆದ್ರೆ ಉಳಿಗೆ ಮಣಿಯತ್ತೆ, ಗೆದ್ದಲಿಗೂ ಅಷ್ಟು ಸುಲಭಕ್ಕೆ ಬಗ್ಗಲ್ಲ, ಒಳಗೆ ಅಗೆದು ಟೊಳ್ಳು ಮಾಡಿದ್ರೂ ನಿಲ್ಲತ್ತೆ. ಒಂದೇ ವಿಷಯ, ಇದರ ನಾರು ಸ್ವಲ್ಪ ಒರಟು, ರಂಧ್ರ ಬಿಟ್ಕೊಂಡಿರತ್ತೆ, ಅದಕ್ಕೇ ಸಣ್ಣ ನಾಜೂಕು ಕೆತ್ತನೆ ಅಂಚಲ್ಲಿ ಉದುರತ್ತೆ. ಕಪ್ಪಾದ ತೊಲೇನ ಸೀಳಿಸಿದಾಗ ಒಳಗಿಂದ ಒಳ್ಳೇ ಅರಿಶಿನದ ಬಣ್ಣ ಬರತ್ತೆ, ಅಯ್ಯೋ ಇದೇನು ಇಷ್ಟು ಹಳದಿ ಅಂತ ಗಾಬರಿ ಆಗಿ ಸ್ಟೇನ್ ಗೀನ್ ಹೊಡೆಸೋಕ್ಕೆ ಹೋಗ್ಬೇಡಿ, ಬೆಳಕು ಬಿದ್ದು ಬಿದ್ದು ಕೆಲವು ತಿಂಗಳಲ್ಲಿ ತಾನಾಗೇ ಕೆಂಪು ಮಿಶ್ರದ ಕಂದು ಬಣ್ಣಕ್ಕೆ ತಿರುಗತ್ತೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟೋಕ್ಕೆ ಹಿಂದಿನಿಂದ ಬಳಸ್ತಿದ್ದಿದ್ದು ಇದೇ ಚೇಗಿನ ಚೂರನ್ನೇ.

ಆದ್ರೆ ತೊಲೆ ತೊಲೆನೇ, ಹಲಗೆ ಅಲ್ಲ. ಹಳೇ ಮನೆ ತೊಲೆ ಅಂದ್ರೆ ಒಂದು ಇಡೀ ದಿಮ್ಮಿಯ ನಾಲ್ಕು ಕಡೆ ಬಾಚಿಯಿಂದ ಚೌಕ ಮಾಡಿರೋದು, ಮರದ ನಡುವಿನ ತಿರುಳು ಅದರೊಳಗೇ ಇರತ್ತೆ. ತುದಿ ನೋಡಿದ್ರೆ ಗೊತ್ತಾಗತ್ತೆ, ತಿರುಳಿನಿಂದ ಯಾವುದೋ ಒಂದು ಮುಖದ ಕಡೆಗೆ ಉದ್ದಕ್ಕೂ ಒಂದು ಸೀಳು ಓಡಿರತ್ತೆ. ಮರ ಒಣಗುವಾಗ ಸುತ್ತಳತೆ ಕಡೆ ಕುಗ್ಗೋದು ಜಾಸ್ತಿ, ನಡುವಿನ ಕಡೆ ಕುಗ್ಗೋದು ಕಮ್ಮಿ, ಆ ಜಗ್ಗಾಟದಲ್ಲಿ ಎಲ್ಲೋ ಒಂದು ಕಡೆ ಬಿಡಲೇಬೇಕು. ಮನೆಗೆ ಅದರಿಂದ ತೊಂದರೆ ಇಲ್ಲ. ಆದ್ರೆ ಅದನ್ನೇ ಇಡಿಯಾಗಿ ಕಡಿದು ಕುದುರೆ ಮೈ ಮಾಡಿದ್ರೆ ಆ ಸೀಳು ಮಗು ತೊಡೆಗೇ ಬರತ್ತೆ, ಇವತ್ತು ಮೇಣ ತುಂಬಿ ಮುಚ್ಚಿದ್ರೂ ಮುಂದಿನ ಬೇಸಿಗೇಲಿ ಬಾಯಿ ಬಿಡತ್ತೆ. ಅದಕ್ಕೇ ಸಾ ಮಿಲ್ಲಲ್ಲಿ ತಿರುಳಿನ ಭಾಗ ಬೇರೆ ಮಾಡಿ, ಎರಡೂ ಪಕ್ಕದಿಂದ 4 ಸೆಂ.ಮೀ ಹಲಗೆ ತೆಗೆಸಿ, ಆ ಹಲಗೆಗಳನ್ನ ಪೆಟ್ಟಿಗೆ ಥರ ಅಂಟಿಸಿ ಮೈ ಕಟ್ಟೋದು ಸರಿ. ಯೂರೋಪಿನ ಒಳ್ಳೇ ಕುದುರೆಗಳೆಲ್ಲ ಒಳಗೆ ಟೊಳ್ಳೇ. ತೂಕದ ಲೆಕ್ಕ ಹಾಕಿ ನೋಡಿ: 60 ಸೆಂ.ಮೀ ಉದ್ದ, 25 ಅಗಲ, 25 ಎತ್ತರದ ಗಟ್ಟಿ ಹಲಸು ಅಂದ್ರೆ ಹತ್ರ ಹತ್ರ 22 ಕೆ.ಜಿ, ಕಾಲು ತಲೆ ಬಿಟ್ಟು. ಅದು ಮಗು ಮೇಲೆ ಬಿದ್ರೆ? ಅದೇ ಅಳತೆಗೆ 4 ಸೆಂ.ಮೀ ಗೋಡೆ ಬಿಟ್ಟು ಟೊಳ್ಳು ಮಾಡಿದ್ರೆ 13 ಕೆ.ಜಿ ಆಸುಪಾಸು, ಅಂಚೆಲ್ಲ ಉರುಟು ಮಾಡಿ ಕೆತ್ತಿ ಮುಗಿಸೋ ಹೊತ್ತಿಗೆ ಇನ್ನೂ ಇಳಿಯತ್ತೆ.

ಸಾ ಮಿಲ್ಲಿಗೆ ಹಾಕೋಕ್ಕೆ ಮುಂಚೆ ಮೊಳೆ ಹುಡುಕಿ. ಹಳೇ ತೊಲೇಲಿ ದೀಪ ನೇತುಹಾಕಿದ ಮೊಳೆ, ತೊಟ್ಟಿಲು ಕಟ್ಟಿದ ಕೊಕ್ಕೆ, ತಲೆ ಮುರಿದು ಒಳಗೇ ಉಳಿದಿದ್ದು ಇದ್ದೇ ಇರತ್ತೆ. ಕೆಟ್ಟ ಸ್ಪೀಕರಿನ ಆಯಸ್ಕಾಂತ ಒಂದನ್ನ ದಾರಕ್ಕೆ ಕಟ್ಟಿ ನಿಧಾನಕ್ಕೆ ಉದ್ದಕ್ಕೂ ಆಡಿಸಿ, ಕಬ್ಬಿಣ ಇದ್ದ ಕಡೆ ವಾಲತ್ತೆ. ಸುತ್ತ ಕಪ್ಪು ಕಲೆ ಕಂಡ್ರೂ ಅದೇ ಗುರುತು, ಮರದೊಳಗಿನ ಒಗರು ಕಬ್ಬಿಣಕ್ಕೆ ತಾಗಿ ಕಪ್ಪಾಗಿರತ್ತೆ. ಸಣ್ಣ ಸಣ್ಣ ತೂತು, ಅದರಿಂದ ಹಿಟ್ಟಿನಂಥ ಪುಡಿ ಉದುರ್ತಿದ್ರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಅದು ಹೆಚ್ಚಾಗಿ ಹೊರಗಿನ ಬಿಳಿ ಭಾಗದಲ್ಲೇ ಇರೋದು, ಆ ಭಾಗ ಪೂರ್ತಿ ಕೆತ್ತಿ ಬಿಸಾಡಿ, ಮಗು ಆಟದ ಸಾಮಾನಿಗೆ ಹುಳದ ಔಷಧಿ ಹೊಡೆದು ಉಳಿಸ್ಕೊಳ್ಳೋ ಕೆಲಸ ಮಾತ್ರ ಬೇಡ. ಅಡುಗೆಮನೆ ತೊಲೆ ಅಂದ್ರಿ, ಇಲ್ಲಣ ಒಂದು ಪದರ ಗಟ್ಟಿಯಾಗಿ ಕೂತಿರತ್ತೆ, ತೊಳೆದು ಒಣಗಿಸಿಯೇ ಮಿಲ್ಲಿಗೆ ಕಳಿಸಿ. ಚೌಕಟ್ಟಿಗೆ ಹಳೇ ಪೇಂಟ್ ಇದ್ರೆ ಇನ್ನೂ ಹುಷಾರು. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರ್ದು ಅನ್ನೋ ರೂಲ್ ಬಂದಿದ್ದೇ 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಹಸಿರು ನೀಲಿ ಬಾಗಿಲುಗಳಲ್ಲಿ ಏನಿದೆ ಅಂತ ನಂಬೋಕ್ಕಾಗಲ್ಲ. ಅದನ್ನ ಒಣಗಿದ್ದ ಹಾಗೇ ಉಜ್ಜಿ ಧೂಳೆಬ್ಬಿಸ್ಬಾರ್ದು, ಒದ್ದೆ ಮಾಡಿ ಕೆರೆದು, ಕೆರೆದಿದ್ದನ್ನ ಪೇಪರಲ್ಲಿ ಕಟ್ಟಿ ತೆಗೀಬೇಕು, ಆ ಹೊತ್ತಲ್ಲಿ ಮಕ್ಕಳು ಬಸುರಿಯರು ಅಲ್ಲಿ ಸುಳೀಬಾರ್ದು.

ಆಮೇಲೆ ಮಳೆಗಾಲ. ನಿಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಒಣಗಿದ ಮರ ಕೂಡ ಗಾಳಿಯಿಂದ ನೀರು ಹೀರಿ ಊದ್ಕೊಳ್ಳತ್ತೆ, ಆಗ ಅಂಟಿಸಿ ಕಟ್ಟಿದ್ದನ್ನ ಬೆಂಗಳೂರಿಗೆ ತಂದು ಇಟ್ರೆ ಮಾರ್ಚ್ ಹೊತ್ತಿಗೆ ಕುಗ್ಗಿ ಸಂದಿ ಕಾಣತ್ತೆ. ಹಲಗೆ ಸೀಳಿಸಿ, ಮಧ್ಯೆ ಮಧ್ಯೆ ರೀಪು ಕೊಟ್ಟು ಪೇರಿಸಿ, ಗಾಳಿ ಆಡೋ ಕೋಣೇಲಿ ಕೆಲವು ವಾರ ಬಿಡಿ. ಅರವತ್ತು ಎಪ್ಪತ್ತು ವರ್ಷ ಮಾಡಿನ ಕೆಳಗಿದ್ದ ಮರ ಒಣಗಿರತ್ತೆ ನಿಜ, ಆದ್ರೆ ಸೀಳಿದ ಮೇಲೆ ಒಳಗಿನ ಬಿಗು ಬಿಟ್ಟು ಸ್ವಲ್ಪ ತಿರುಚ್ಕೊಳ್ಳೋದುಂಟು, ಅದು ಮುಗಿದ ಮೇಲೆ ಹತ್ತರಿ ಹೊಡೆದು ನೇರ ಮಾಡಿದ್ರೆ ಆಮೇಲೆ ತಂಟೆ ಇಲ್ಲ. ಹುಟ್ಟುಹಬ್ಬ ಮಳೆಗಾಲದಲ್ಲಿ ಬಂದ್ರೆ ಆವತ್ತು ಆ ಹಲಗೆ ತುಂಡೊಂದನ್ನ ಮಗು ಕೈಗೆ ಮುಟ್ಟಿಸಿ, ಕುದುರೆ ದೀಪಾವಳಿ ಮೇಲೆ ಬರ್ಲಿ. ನಿಜ ಹೇಳ್ಬೇಕು ಅಂದ್ರೆ ಒಂದು ವರ್ಷದ ಮಗುಗೆ ಕುದುರೆ ಸವಾರಿ ಹೇಗೂ ಆಗಲ್ಲ, ಯಾರಾದ್ರೂ ಹಿಡ್ಕೊಂಡೇ ಇರ್ಬೇಕು. ಒಂದು ವರ್ಷದ ಅಳತೆಗೆ ಮಾಡಿಸಿದ್ರೆ ಮುಂದಿನ ವರ್ಷ ಚಿಕ್ಕದಾಯ್ತು ಅಂತ ಅಟ್ಟಕ್ಕೆ ಹೋಗತ್ತೆ. ಎರಡರಿಂದ ಐದು ವರ್ಷಕ್ಕೆ ಆಗೋ ಹಾಗೆ ಮಾಡಿಸಿ. ಅಳತೆ ಪಟ್ಟಿ ಹುಡುಕೋದು ಬೇಡ, ಅಕ್ಕಪಕ್ಕದ ಮೂರು ವರ್ಷದ ಮಗು ಒಂದನ್ನ ನಿಲ್ಲಿಸಿ ನೆಲದಿಂದ ತೊಡೆ ಸಂದಿಗೆ ಟೇಪ್ ಹಿಡೀರಿ, ಜೀನು ಅದಕ್ಕಿಂತ ಒಂದೆರಡು ಸೆಂ.ಮೀ ಕೆಳಗಿರ್ಲಿ. ಕಾಲಿಡೋ ಗೂಟಕ್ಕೆ ಮೇಲೊಂದು ಕೆಳಗೊಂದು ತೂತು ಬಿಟ್ರೆ ಮಗು ಬೆಳೆದ ಹಾಗೆ ಗೂಟ ಇಳಿಸ್ಬೋದು.

ಈಗ ಆಚಾರ್ರಿಗೆ ಹೊಸದಾಗಿರೋ ಭಾಗ. ಬಾಗಿಲು ಮಾಡೋರಿಗೆ ಕಚ್ಚು ಕೂರಿಸೋದು (ಒಂದು ತುಂಡಿನ ತುದಿ ಇನ್ನೊಂದರ ತೂತಿಗೆ ಸೇರಿಸೋದು), ಬೆಣೆ ಹೊಡೆಯೋದು ಯಾರೂ ಹೇಳಿಕೊಡ್ಬೇಕಿಲ್ಲ, ಆ ಕೈ ಇದ್ರೆ ಕುದುರೆಯ ಮುಕ್ಕಾಲು ಕೆಲಸ ಬರತ್ತೆ. ಬಾಗಿಲಲ್ಲಿ ಇಲ್ಲದ ಎರಡು ವಿಷಯ ಇಲ್ಲಿವೆ, ಓರೆ ಕಾಲು ಮತ್ತೆ ಕೆಳಗಿನ ಬಿಲ್ಲು. ಕಾಲಿನ ನಾರು ಕಡ್ಡಾಯವಾಗಿ ಕಾಲಿನ ಉದ್ದಕ್ಕೇ ಓಡ್ಬೇಕು. ಓಡೋ ಕುದುರೆ ಥರ ಮಂಡಿ ಮಡಚಿದ ಕಾಲು ಒಂದೇ ಹಲಗೇಲಿ ಕೊಯ್ದ್ರೆ ಮಂಡಿ ಹತ್ರ ನಾರು ಅಡ್ಡ ಬಂದು ಅಲ್ಲೇ ಪಟ್ ಅನ್ನತ್ತೆ, ನಾನು ರಿಪೇರಿಗೆ ಬಂದಿದ್ದು ನೋಡಿರೋ ಕುದುರೆಗಳಲ್ಲಿ ಕಿವಿ ಬಿಟ್ರೆ ಜಾಸ್ತಿ ಮುರಿದಿರೋದು ಇದೇ ಜಾಗ. ನೇರ ಕಾಲು, ಹೊರಗಡೆಗೆ ಸ್ವಲ್ಪ ಅಗಲಿಸಿ ಇಟ್ಟಿದ್ದು, ಮೈಯ ತಳದ ಎರಡೂ ಪಕ್ಕ ಅಂಟಿಸಿದ ಪಟ್ಟಿಗಳಿಗೆ ಕಚ್ಚು ಹಾಕಿ ಅಂಟಿಸಿ ಬೆಣೆ ಕೊಟ್ಟಿದ್ದು ಸಾಕು. ಎರಡು ಬಿಲ್ಲುಗಳ ನಡುವೆ ನೆಲದಲ್ಲಿ ಕನಿಷ್ಠ 35 ಸೆಂ.ಮೀ ಅಂತರ ಬರ್ಲಿ, ಇಲ್ಲದಿದ್ರೆ ಮಗು ಪಕ್ಕಕ್ಕೆ ವಾಲಿದಾಗ ಉರುಳತ್ತೆ. ಕಿವಿ ಮೋಟಾಗಿ ದಪ್ಪಗಿರ್ಲಿ, ಎತ್ತುವಾಗ ಎಲ್ಲರೂ ಹಿಡಿಯೋದು ಅದನ್ನೇ.

ಬಿಲ್ಲಿನ ಗೆರೆ ಕಣ್ಣಳತೇಲಿ ಹಾಕ್ಬೇಡಿ ಅಂತ ಆಚಾರ್ರಿಗೆ ಹೇಳಿ. ಜಗಲಿ ಮೇಲೆ ಒಂದು ಪ್ಲೈವುಡ್ ಹಾಸಿ, ಅದರಾಚೆ ಒಂದು ಮೊಳೆ ಹೊಡೆದು, 105 ಸೆಂ.ಮೀ ದಾರ ಕಟ್ಟಿ, ತುದೀಲಿ ಪೆನ್ಸಿಲ್ ಇಟ್ಟು ಎಳೆದ್ರೆ ಬರೋ ಕಮಾನೇ ನಿಮ್ಮ ಬಿಲ್ಲಿನ ತಳ. 95 ಸೆಂ.ಮೀ ಉದ್ದದ ಬಿಲ್ಲಿಗೆ ಆಗ ತುದಿಗಳು ನೆಲದಿಂದ ಹನ್ನೊಂದು ಸೆಂ.ಮೀ ಮೇಲೆ ನಿಲ್ತವೆ. ಯಾಕೆ ಈ ಅಳತೆ ಅಂದ್ರೆ, ಕುದುರೆ ಮತ್ತು ಮಗು ಎರಡೂ ಸೇರಿದ ಭಾರದ ನಡುಬಿಂದು ಆ ಮೊಳೆ ಜಾಗಕ್ಕಿಂತ (ಬಿಲ್ಲು ನೆಲದ ಮೇಲೆ ನಿಂತಾಗ ಕಮಾನಿನ ಕೇಂದ್ರ ಬರೋ ಎತ್ತರ) ಕೆಳಗೆ ಇದ್ದಷ್ಟೂ ಹೊತ್ತು ಕುದುರೆ ವಾಲಿದ ಮೇಲೆ ತಾನಾಗೇ ವಾಪಸ್ ಬರತ್ತೆ. ಮಗು ಕೂತಾಗ ಆ ನಡುಬಿಂದು ನೆಲದಿಂದ ಅರ್ಧ ಮೀಟರ್ ಆಸುಪಾಸು ಇರತ್ತೆ, ಮೊಳೆ ಒಂದು ಮೀಟರ್ ಮೇಲೆ, ಅಂದ್ರೆ ಮಗು ಎದ್ದು ನಿಂತು ಕುಣಿದ್ರೂ ಸ್ವಲ್ಪ ಅವಕಾಶ ಇದೆ. ಚೆನ್ನಾಗಿ ತೂಗ್ಲಿ ಅಂತ ದಾರ 60 ಸೆಂ.ಮೀಗೆ ಇಳಿಸಿದ್ರೋ, ಆ ಅವಕಾಶ ಹೋಯ್ತು, ಕುದುರೆ ಮುಗ್ಗರಿಸತ್ತೆ. ಬಿಲ್ಲಿನ ಕೊನೇ ಎಂಟು ಹತ್ತು ಸೆಂ.ಮೀ ಕಮಾನು ಬಿಟ್ಟು ನೇರ ಓಡಿಸಿ, ಅಲ್ಲಿಗೆ ಬಂದಾಗ ತೂಗಾಟಕ್ಕೆ ತಾನೇ ಬ್ರೇಕ್ ಬೀಳತ್ತೆ.

ಬಿಲ್ಲನ್ನ ಅಗಲ ಹಲಗೆಯಿಂದ ಒಂದೇ ತುಂಡಾಗಿ ಕೊಯ್ಯೋದು ಸುಲಭ, ಆದ್ರೆ ತುದಿಗಳ ಹತ್ರ ನಾರು ಓರೆಯಾಗಿ ತುಂಡಾಗಿರತ್ತೆ, ಗೋಡೆಗೆ ಗುದ್ದಿದ ದಿನ ಚಕ್ಕೆ ಹಾರತ್ತೆ. ಇಲ್ಲಿ ನಿಮ್ಮ ಸಾಗುವಾನಿ ಚೌಕಟ್ಟು ಕೆಲಸಕ್ಕೆ ಬರತ್ತೆ. ಅದನ್ನ 4-5 ಮಿ.ಮೀ ದಪ್ಪದ ಪಟ್ಟಿಗಳಾಗಿ ಸೀಳಿಸಿ, ಹತ್ತು ಹನ್ನೆರಡು ಪಟ್ಟಿ ಒಂದರ ಮೇಲೊಂದು ಅಂಟು ಹಾಕಿ, ಅದೇ ಪ್ಲೈವುಡ್ ಗೆರೆ ಮೇಲೆ ಗೂಟ ಹೊಡೆದು ಬಗ್ಗಿಸಿ ಕ್ಲ್ಯಾಂಪ್ ಹಾಕಿದ್ರೆ ನಾರು ಬಿಲ್ಲಿನ ಉದ್ದಕ್ಕೂ ಕಮಾನಿನ ಜೊತೆಗೇ ತಿರುಗತ್ತೆ, ಆಗ ಮುರಿಯೋ ಮಾತೇ ಇಲ್ಲ. ಅಂಟು ಹಾಕೋಕ್ಕೆ ಸ್ವಲ್ಪ ಮುಂಚೆ ಪ್ರತಿ ಪಟ್ಟೀನೂ ಅಸಿಟೋನ್‌ನಲ್ಲಿ ಒರೆಸ್ಬೇಕು, ಸಾಗುವಾನಿಯ ಎಣ್ಣೆ ಅಂಟು ಹಿಡಿಯೋಕ್ಕೆ ಬಿಡಲ್ಲ. ಬಗ್ಗಿಸಿದ ಕಡೆ ಮಾಮೂಲಿ ಬಿಳಿ ಅಂಟು ವರ್ಷಗಟ್ಟಲೆ ಒತ್ತಡಕ್ಕೆ ನಿಧಾನವಾಗಿ ಜರುಗತ್ತೆ, ಅಲ್ಲಿಗೆ ಎಪಾಕ್ಸಿ, ಮಿಕ್ಕಿದ ಜೋಡಣೆಗೆ ಬಿಳಿ ಅಂಟೇ ಸಾಕು.

ಇಷ್ಟೆಲ್ಲ ರಗಳೆ ಬೇಡ ಅನ್ಸಿದ್ರೆ ಇನ್ನೊಂದು ದಾರಿ ಇದೆ, ಅದೂ ತೀರಾ ಹಳೇದು. ಲಂಡನ್ನಿನ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂ ಹತ್ರ ಹದಿನೇಳನೇ ಶತಮಾನದ ಶುರುವಿನ ಒಂದು ಕುದುರೆ ಇದೆ, ಇಂಗ್ಲೆಂಡಿನ ಮೊದಲನೇ ಚಾರ್ಲ್ಸ್ ರಾಜ ಚಿಕ್ಕವನಿದ್ದಾಗಿನದು ಅಂತ ಹೇಳ್ತಾರೆ. ಆ ಕಾಲದ ಮಾದರಿ ಅಂದ್ರೆ ಎರಡು ಪಕ್ಕಕ್ಕೂ ಅರ್ಧಚಂದ್ರದ ಹಲಗೆ, ಮಧ್ಯೆ ಕೂರೋ ಜಾಗ, ಮುಂದೊಂದು ತಲೆ. ಕಾಲೇ ಇಲ್ಲ, ಮುರಿಯೋದೂ ಇಲ್ಲ. ಒಂದೂವರೆ ಎರಡು ವರ್ಷದ ಮಗು ಎರಡು ಹಲಗೆ ಮಧ್ಯೆ ಭದ್ರವಾಗಿ ಕೂರತ್ತೆ. ನಿಮ್ಮ ಆಚಾರ್ರಿಗೆ ಇದು ಎಡಗೈ ಕೆಲಸ. ಆದ್ರೆ ಮರ ಜಾಸ್ತಿ ತಿನ್ನತ್ತೆ, ತೊಲೆ ಎಷ್ಟು ಉದ್ದ ಇದೆ ಅಂತ ನೀವು ಬರೆದಿಲ್ಲ. ಬಿಲ್ಲಿನ ಬದಲು ಸ್ಟ್ಯಾಂಡ್ ಮೇಲೆ ತೂಗೋ ಮಾದರಿನೂ ಇದೆ, ಅಮೆರಿಕದ ಸಿನ್ಸಿನಾಟಿಯ ಫಿಲಿಪ್ ಮಾರ್ಕ್ವಾ ಅನ್ನೋರು 1880ರಲ್ಲಿ ಪೇಟೆಂಟ್ ಮಾಡಿಸಿದ್ದು. ಸ್ಟ್ಯಾಂಡ್ ನೆಲದ ಮೇಲೆ ಅಲ್ಲಾಡದೆ ಕೂರತ್ತೆ, ಕುದುರೆ ಮಾತ್ರ ಕಬ್ಬಿಣದ ಕೊಕ್ಕೆಗಳಲ್ಲಿ ಹಿಂದೆ ಮುಂದೆ ಹೋಗತ್ತೆ, ಪಕ್ಕದಲ್ಲಿ ಕೂತ ಇನ್ನೊಂದು ಮಗು ಬೆರಳು ಬಿಲ್ಲಿನ ಕೆಳಗೆ ಸಿಗೋ ಭಯ ಇಲ್ಲ. ಆದ್ರೆ ಆ ಕಬ್ಬಿಣದ ಕೆಲಸ ಸರಿಯಾಗಿ ಮಾಡೋರು ನಮ್ಮ ಕಡೆ ಸಿಗೋದು ಕಷ್ಟ, ವೆಲ್ಡಿಂಗ್ ಶಾಪಲ್ಲಿ ಅಂದಾಜಿಗೆ ಮಾಡಿಸಿದ್ರೆ ಬೆರಳು ಸಿಕ್ಕೋ ಸಂದಿ ಅಲ್ಲೇ ಹುಟ್ಟತ್ತೆ. ನಿಮಗೆ ನಾನು ಅದನ್ನ ಹೇಳಲ್ಲ.

ಚನ್ನಪಟ್ಟಣದ ಅರಗು. ಇದನ್ನ ತುಂಬಾ ಜನ ಕೇಳ್ತಾರೆ, ಇಡೀ ಕುದುರೆಗೆ ಆ ಹೊಳಪು ಬರ್ಲಿ ಅಂತ. ಬರಲ್ಲ, ಯಾಕಂದ್ರೆ ಅದು ಬ್ರಷ್ಷಲ್ಲಿ ಹಚ್ಚೋ ಬಣ್ಣ ಅಲ್ಲ. ಆಲೆ ಮರದ ತುಂಡು ಲೇತಲ್ಲಿ ಗರಗರ ತಿರುಗ್ತಿರುವಾಗ ಬಣ್ಣ ಕಲೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳತ್ತೆ, ಆಮೇಲೆ ತಾಳೆಗರಿ ಒತ್ತಿ ಹಿಡಿದ್ರೆ ಆ ಹೊಳಪು. ತಿರುಗಿಸೋಕ್ಕಾಗೋ ಉರುಟು ವಸ್ತುಗೆ ಮಾತ್ರ ಇದು ಸಾಧ್ಯ. ಚನ್ನಪಟ್ಟಣದಲ್ಲೇ ಮಾಡೋ ದೊಡ್ಡ ಕುದುರೆಗಳನ್ನ ಗಮನಿಸಿ ನೋಡಿ, ಚಪ್ಪಟೆ ಮೈ ತಲೆಗೆ ಬಳಿದ ಬಣ್ಣನೇ ಇರತ್ತೆ. ಹಾಗಂತ ಬಿಟ್ಟುಬಿಡ್ಬೇಡಿ. ಕುದುರೆ ತಲೆಗೆ ಅಡ್ಡ ಹಾಯೋ ಹಿಡಿ, ಕಾಲಿಡೋ ಗೂಟಗಳು, ಬಿಲ್ಲುಗಳನ್ನ ಜೋಡಿಸೋ ಅಡ್ಡ ಕೋಲು, ಇವೆಲ್ಲ ಉರುಟು ತಾನೇ? ಅಳತೆ ಬರ್ಕೊಂಡು ಚನ್ನಪಟ್ಟಣಕ್ಕೆ ಒಂದು ಸಲ ಹೋಗಿ ಬನ್ನಿ, ಬೆಂಗಳೂರಿಂದ 60 ಕಿ.ಮೀ, ಲೇತ್ ಇಟ್ಕೊಂಡಿರೋ ಯಾವುದಾದ್ರೂ ಕುಶಲಕರ್ಮಿ ಹತ್ರ ಆಲೆ ಮರದಲ್ಲಿ ಅರಿಶಿನ ಹಳದಿ ಕೆಂಪು ಹಾಕಿ ತಿರುಗಿಸಿಕೊಡಿ ಅನ್ನಿ. ಮಗು ಬಾಯಿಗೆ ಹೋಗೋದೂ ಹಿಡಿಯೇ, ಕೈ ಜಾಸ್ತಿ ಆಡೋದೂ ಹಿಡಿಯೇ, ಅಲ್ಲಿ ಅರಗಿದ್ರೆ ಒಳ್ಳೇದೇ, ಆದ್ರೆ ಗಿಡಮೂಲದ (ವೆಜಿಟಬಲ್) ಬಣ್ಣನೇ ಹಾಕಿ ಅಂತ ಬಾಯಿಬಿಟ್ಟು ಹೇಳಿ, ಎಲ್ಲರೂ ಅದನ್ನೇ ಬಳಸ್ತಾರೆ ಅಂತ ಅಂದ್ಕೊಳ್ಬೇಡಿ. ಕಂದು ಹಲಸಿಗೆ ಆ ಹಳದಿ ಕೆಂಪು ಎಷ್ಟು ಒಪ್ಪತ್ತೆ ಅಂತ ನೋಡಿದ್ರೇನೇ ಗೊತ್ತಾಗೋದು.

ಹಿಡಿಯ ತುದೀಲಿ ಉರುಟು ಗುಂಡು ಇಡಿಸೋದಾದ್ರೆ ದಪ್ಪಗಿರ್ಲಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಪರೀಕ್ಷೆ ಇದೆ, 31.7 ಮಿ.ಮೀ ಅಗಲದ ಪುಟ್ಟ ಕೊಳವೆಯೊಳಗೆ ಪೂರ್ತಿ ಕೂರೋಂಥ ಯಾವ ಬಿಡಿ ಭಾಗನೂ ಇರಬಾರ್ದು, ಯಾಕಂದ್ರೆ ಅದು ಗಂಟಲಿಗೂ ಕೂರತ್ತೆ. ಆಟಿಕೆಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರದ ಆರ್ಡರ್ 2020ರಲ್ಲಿ ಬಂತು, 2021ರ ಜನವರಿ 1ರಿಂದ ಜಾರಿ, ಐಎಸ್ 9873 ಅನ್ನೋ ಸ್ಟ್ಯಾಂಡರ್ಡ್ ಅದರಲ್ಲೇ ಬರತ್ತೆ. ಅದು ಮಾರ್ಕೆಟ್ಟಿಗೆ ಮಾಡೋರಿಗೆ, ಕರಕುಶಲ ಇಲಾಖೇಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿನೂ ಇದೆ, ನಿಮ್ಮ ಮನೆ ಕುದುರೆಗೆ ಐಎಸ್‌ಐ ಮಾರ್ಕ್ ಯಾರೂ ಕೇಳಲ್ಲ. ಆದ್ರೂ ಆ ಕೊಳವೆ ಲೆಕ್ಕ ತಲೇಲಿಟ್ಕೊಳ್ಳಿ. ಗಾಜಿನ ಕಣ್ಣು ಬೇಡ, ಬೀಟೆ ಮರದ ಚೂರು ಕೂರಿಸಿ ಉಜ್ಜಿಬಿಡಿ. ಕೇಸರ, ಬಾಲಕ್ಕೆ ಉದ್ದ ದಾರದ ಗೊಂಚಲು ಬೇಡ, ಕುತ್ತಿಗೆಗೆ ಸುತ್ಕೊಳ್ಳೋಷ್ಟು ಉದ್ದದ ಯಾವುದೂ ಬೇಡ, ಲಗಾಮೂ ಬೇಡ, ಹಿಡಿ ಇದೆಯಲ್ಲ. ಕೇಸರ ಮರದಲ್ಲೇ ಕೆತ್ತಿದ್ರೆ ಆಯ್ತು.

ತಲೆ ಕೆತ್ತೋಕ್ಕೆ ನಿಮ್ಮ ಆಚಾರ್ರಿಗೆ ಕೈ ನಡುಗಿದ್ರೆ ಅದೊಂದನ್ನ ಸಾಗರ ಸೊರಬ ಕಡೆಯ ಗುಡಿಗಾರರಿಗೆ ಕೊಡಿ, ನಿಮಗೆ ಹತ್ರಾನೇ. ಗಂಧದಲ್ಲಿ ಅಷ್ಟು ಸೂಕ್ಷ್ಮ ಮಾಡೋ ಕೈಗೆ ಹಲಸು ಒರಟು ಅನ್ಸತ್ತೆ, ಆದ್ರೂ ಕುದುರೆ ಮುಖದ ಎಲುಬು, ಮೂಗಿನ ಹೊಳ್ಳೆ ಅವರಿಗೆ ಹೇಳಿ ಬರಿಸ್ಬೇಕಿಲ್ಲ. ಕೊಪ್ಪಳ ಹತ್ರದ ಕಿನ್ನಾಳದ ಚಿತ್ರಗಾರರ ಕುದುರೆ ಕೇಳಿದ್ರೆ ಅದೂ ಚಂದ, ಆದ್ರೆ ಅದು ಹಗುರ ಮರದ ಮೇಲೆ ಲೇಪ ಕೊಟ್ಟು ಬಣ್ಣ ಬರೆಯೋ ಕಲೆ, ಮಗು ಗುದ್ದಾಡೋಕ್ಕಲ್ಲ. ಅಮ್ಮಂಗೆ ಶೋಕೇಸಿಗೆ ಬೇಕೇ ಬೇಕು ಅಂದ್ರೆ ಅಲ್ಲಿಂದ ಒಂದು ಪುಟ್ಟದು ತಂದುಕೊಡಿ, ಇಬ್ಬರಿಗೂ ಸಮಾಧಾನ.

ಪಾಲಿಶ್ ವಿಷಯಕ್ಕೆ ಬಂದ್ರೆ, ಅಂಗಡಿಯೋರು ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೀರಿ ಅಂತಾರೆ, ಗಟ್ಟಿ, ನೀರು ನಿಲ್ಲಲ್ಲ, ನಿಜ. ಆದ್ರೆ ಒಂದು ಕಡೆ ಚಕ್ಕೆ ಎದ್ರೆ ಅಲ್ಲಿ ಮಾತ್ರ ತೇಪೆ ಹಾಕೋಕ್ಕಾಗಲ್ಲ, ಪೂರ್ತಿ ಕೆರೆದು ಮತ್ತೆ ಹೊಡೀಬೇಕು. ಸ್ಪಿರಿಟ್ ಪಾಲಿಶ್ ಅಂತ ನಮ್ಮ ಆಚಾರ್ರುಗಳು ಹಚ್ತಿದ್ರಲ್ಲ, ಅರಗನ್ನ ಸ್ಪಿರಿಟ್ಟಲ್ಲಿ ಕರಗಿಸಿ ಬಟ್ಟೆ ಉಂಡೇಲಿ ತೀಡೋದು, ಅದು ಇಲ್ಲಿಗೆ ಹೇಳಿ ಮಾಡಿಸಿದ್ದು. ಸ್ಪಿರಿಟ್ ಆರಿದ ಮೇಲೆ ಉಳಿಯೋದು ಅರಗು ಮಾತ್ರ, ಅದನ್ನ ಮಿಠಾಯಿ ಮಾತ್ರೆಗಳ ಹೊಳಪಿಗೂ ಬಳಸ್ತಾರೆ. ಒದ್ದೆ ಲೋಟ ಇಟ್ರೆ ಬಿಳೀ ಉಂಗುರ ಬರತ್ತೆ, ಬರ್ಲಿ ಬಿಡಿ, ಅದರ ಮೇಲೇ ಇನ್ನೊಂದು ಸಲ ತೀಡಿದ್ರೆ ಹೊಸದು ಹಳೇದು ಒಂದಾಗತ್ತೆ. ಮೂವತ್ತು ವರ್ಷ ಆದಮೇಲೂ ಮನೇಲೇ ಯಾರು ಬೇಕಾದ್ರೂ ಮಾಡ್ಬೋದು. ಅಗಸೆ ಎಣ್ಣೆ ಹಚ್ಚೋದಾದ್ರೆ ಅದೂ ಸರಿ, ಆದ್ರೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತಾನೇ ಬಿಸಿಯಾಗಿ ಹೊತ್ಕೊಳ್ಳತ್ತೆ, ತಮಾಷೆ ಅಲ್ಲ, ನೀರಲ್ಲಿ ನೆನೆಸಿ ಇಲ್ಲಾ ತಂತಿ ಮೇಲೆ ಹರಡಿ ಒಣಗಿಸಿ.

ಈಗ ಹಿತ್ತಾಳೆ ಪ್ಲೇಟ್. ಎದೆ ಮೇಲೆ ಬೇಡ. ಸ್ಕ್ರೂ ಸಡಿಲ ಆಗತ್ತೆ, ಮೂಲೆ ಎದ್ದು ಮಗು ಮೊಣಕಾಲಿಗೆ ಕೆರೆಯತ್ತೆ, ಅದೂ ಅಲ್ದೆ ಎದೆಗೆ ಪ್ಲೇಟ್ ಹೊಡೆದ ಕುದುರೆ ಕಬಡ್ಡಿ ಟೂರ್ನಮೆಂಟ್ ಟ್ರೋಫಿ ಥರ ಕಾಣತ್ತೆ, ಬೇಜಾರ್ ಮಾಡ್ಕೋಬೇಡಿ. ಅಕ್ಷರ ಬೇಕೇ ಬೇಕು ಅಂದ್ರೆ ಬಿಲ್ಲುಗಳನ್ನ ಸೇರಿಸೋ ಹಲಗೆ ಮೇಲೆ ಕೆತ್ತಿಸಿ. ಕನ್ನಡ ಅಕ್ಷರ ಪೂರ್ತಿ ದುಂಡು, ಉಳಿ ಪ್ರತಿ ತಿರುವಲ್ಲೂ ನಾರಿಗೆ ಎದುರಾಗತ್ತೆ, ಹಲಸಿನ ಒರಟು ನಾರಲ್ಲಿ ಚಿಕ್ಕ ಒತ್ತಕ್ಷರಗಳು ಉದುರಿ ಹೋಗ್ತವೆ. ಅಕ್ಷರ 3 ಸೆಂ.ಮೀಗಿಂತ ಚಿಕ್ಕದು ಬೇಡ, ಅಥವಾ ಒಂದು ಪಟ್ಟಿ ಆಲೆ ಮರ ಕೂರಿಸಿ ಅದರ ಮೇಲೆ ಕೆತ್ತಿಸಿ, ಅದು ಬೆಣ್ಣೆ ಬಣ್ಣದ ನುಣುಪು ಮರ, ಅಂಚು ನಿಲ್ಲತ್ತೆ. ಬರೆಯೋದು ಏನು ಅಂತ ಯೋಚನೆ ಮಾಡುವಾಗ ಹೆಸರು ಇಸವಿ ಜೊತೆ ಯಾವ ಊರಿನ ಮನೆ, ಯಾವ ಕೋಣೆಯ ತೊಲೆ ಅಂತ ಒಂದು ಸಾಲು ಸೇರಿಸಿ, ಹೊಟ್ಟೆ ಕೆಳಗಾದ್ರೂ ಸರಿ ಆಚಾರ್ರ ಹೆಸರು ಹಾಕಿಸಿ. ಹಳೇ ಮನೆಗಳ ತೊಲೆ ಕಂಬ ಮಾಡಿದೋರು ಯಾರು ಅಂತ ನಮಗೆ ಒಬ್ಬರದ್ದೂ ಗೊತ್ತಿಲ್ಲ, ನಿಮ್ಮ ಮನೆಯದ್ದೂ ಗೊತ್ತಿರಲಿಕ್ಕಿಲ್ಲ.

ನನಗೆ ಅಕ್ಷರಕ್ಕಿಂತ ಇಷ್ಟವಾಗೋದು ಇನ್ನೊಂದಿದೆ. ತೊಲೆಯ ಹೊರಮೈ ಮೇಲೆ ಬಾಚಿ ಏಟಿನ ಗುರುತು ಇರತ್ತೆ, ಸಾಲಾಗಿ, ಅಂಗೈ ಅಗಲದ ಸಣ್ಣ ಸಣ್ಣ ತಗ್ಗು, ಬೆರಳಾಡಿಸಿದ್ರೆ ಅಲೆ ಅಲೆಯಾಗಿ ಸಿಗತ್ತೆ. ಹಲಗೆ ಸೀಳಿಸುವಾಗ ಹೊರಮೈಯ ಒಂದು ಹಲಗೆಗೆ ಹತ್ತರಿ ಮುಟ್ಟಿಸ್ದೆ ಹಾಗೇ ಇಟ್ಕೊಳ್ಳಿ ಅಂತ ಆಚಾರ್ರಿಗೆ ಹೇಳಿ, ಇಲ್ಲದಿದ್ರೆ ಒಳ್ಳೇ ಮನಸ್ಸಿಂದ ಅದನ್ನೇ ಮೊದಲು ನುಣ್ಣಗೆ ಮಾಡಿಬಿಡ್ತಾರೆ. ಆ ಹಲಗೆ ಕುದುರೆಯ ಹೊಟ್ಟೆ ತಳಕ್ಕೆ ಬರ್ಲಿ, ಆ ಮುಖ ಹೊರಗಡೆಗೆ. ಸಿಬಿರು ಹೋಗೋಷ್ಟು ಉಜ್ಜಿ, ಮೇಲೊಂದು ಕೈ ಅರಗು. ಅಜ್ಜ ದಿನಾ ಊಟಕ್ಕೆ ಕೂತು ತಲೆ ಎತ್ತಿದ್ರೆ ಕಾಣ್ತಿದ್ದ ಮುಖ ಅದು.

ಹೊಟ್ಟೆ ಟೊಳ್ಳಿದೆಯಲ್ಲ, ಅದರೊಳಗೂ ಏನಾದ್ರೂ ಇಡ್ಬೋದು. ಇಂಗ್ಲೆಂಡಲ್ಲಿ ಹಳೇ ಕುದುರೆ ರಿಪೇರಿ ಮಾಡೋರಿಗೆ ಒಳಗಡೆ ನಾಣ್ಯ, ಚಿಕ್ಕ ಆಟದ ಸಾಮಾನು ಸಿಗೋದುಂಟು, ಈಗ ಮಾಡೋರು ಕೆಲವರು ಬೇಕಂತಲೇ ಕಾಗದ ಬರೆದು ಇಟ್ಟು ಮುಚ್ತಾರೆ. ಇಡೋದಾದ್ರೆ ಪೆನ್‌ಡ್ರೈವ್ ಬೇಡ, ಇಪ್ಪತ್ತು ವರ್ಷಕ್ಕೆ ಅದರಲ್ಲಿ ಏನೂ ಇರಲ್ಲ, ಇದ್ರೂ ಓದೋ ಮೆಷಿನ್ ಇರಲ್ಲ. ಬ್ಯಾಟರಿ ಇರೋದೂ ಬೇಡ. ಒಳ್ಳೇ ಕಾಗದದ ಮೇಲೆ ಪೆನ್ಸಿಲಲ್ಲಿ ಬರೆದ ಪತ್ರ, ಅಜ್ಜನ ಕೈಬರಹದ ಒಂದು ಚೀಟಿ ಇದ್ರೆ ಅದು, ಸ್ಟೀಲ್ ಡಬ್ಬೀಲಿ ಹಾಕಿ ಸುತ್ತ ಹತ್ತಿ ಗಿಡಿದು ತುಂಬಿ, ಇಲ್ಲದಿದ್ರೆ ಮಗು ತೂಗಿದಾಗೆಲ್ಲ ಒಳಗೆ ಲೊಡಲೊಡ ಅನ್ನತ್ತೆ. ಆ ಬಾಚಿ ಗುರುತಿನ ತಳದ ಹಲಗೆಯನ್ನ ಅಂಟಿಸ್ದೆ ನಾಲ್ಕು ಹಿತ್ತಾಳೆ ಸ್ಕ್ರೂ ಒಳಗಿಳಿಸಿ ಕೂರಿಸಿದ್ರೆ ಮುಂದೆ ತೆಗೆದು ಕಾಲಿನ ಕಚ್ಚು ಬಿಗಿ ಮಾಡೋಕ್ಕೂ ಅದೇ ಬಾಗಿಲು. ಕಾಲು ಕೂರೋದು ಮಾತ್ರ ಅದರ ಎರಡೂ ಪಕ್ಕದ ಅಂಟಿಸಿದ ಪಟ್ಟಿಗಳಿಗೆ, ಈ ಸ್ಕ್ರೂ ಹಲಗೆಗಲ್ಲ, ಇದನ್ನ ಚಿತ್ರ ಬರೆದೇ ಆಚಾರ್ರಿಗೆ ತೋರಿಸಿ.

ಮಗು ಕೂರಿಸೋಕ್ಕೆ ಮುಂಚೆ 50 ಕೆ.ಜಿ ಅಕ್ಕಿ ಮೂಟೆ ಜೀನಿನ ಮೇಲೆ ಹಾಕಿ ಕಟ್ಟಿ, ಒಂದು ಹೊತ್ತು ಜೋರಾಗಿ ತೂಗಿ. ಕಿರ್ ಅಂದ್ರೆ ಯಾವ ಕಚ್ಚು ಅಂತ ಹುಡುಕಿ ಆಗ್ಲೇ ಸರಿ ಮಾಡಿಸಿ. ಅಪಾರ್ಟ್‌ಮೆಂಟಲ್ಲಿ ಟೈಲ್ಸ್ ನೆಲ ಅಂದ್ರೆ ಬಿಲ್ಲಿನ ತಳಕ್ಕೆ ಚರ್ಮದ ಪಟ್ಟಿ ಅಂಟಿಸಿ, ಜಾರೋದೂ ನಿಲ್ಲತ್ತೆ, ಕೆಳಗಿನ ಮನೆಯೋರೂ ಜಗಳಕ್ಕೆ ಬರಲ್ಲ, ಸವೆದ ಮೇಲೆ ಕಿತ್ತು ಹೊಸದು ಹಾಕ್ಬೋದು.

ಮಿಲ್ಲಿಗೆ ಸಾಗಿಸೋಕ್ಕೆ ಮುಂಚೆ ತೊಲೆಯ ಎರಡೂ ತುದಿ ಒದ್ದೆ ಬಟ್ಟೇಲಿ ಒರೆಸಿ, ಪಕ್ಕದಲ್ಲಿ ಟೇಪ್ ಇಟ್ಟು ಫೋಟೋ ತೆಗೆದು ಕಳಿಸಿ, ಉದ್ದನೂ ಬರೀರಿ. ತಿರುಳು ಎಲ್ಲಿದೆ, ಸೀಳು ಎತ್ತ ಓಡಿದೆ ಅಂತ ನೋಡಿ ಎಲ್ಲಿ ಕೊಯ್ಸಬೇಕು ಅಂತ ಗೆರೆ ಹಾಕಿ ಕಳಿಸ್ತೀನಿ.